ಕ್ಲೆರಿಕ್ ಜೊತೆ ಬಾರ್ಡ್: ಡಿ ಅಂಡ್ ಡಿ-ಯಲ್ಲಿ ಸಪೋರ್ಟ್ ಕ್ಯಾರೆಕ್ಟರ್ ಪ್ಲಾನ್ ಮಾಡೋದು ಹೇಗೆ

"ಹೀಲರ್ ಆಡ್ಬೇಕು ಅಂತಿದೀನಿ, ಆದ್ರೆ ಬರೀ ಗಾಯಕ್ಕೆ ಪಟ್ಟಿ ಕಟ್ಕೊಂಡು ಕೂರೋಕೆ ಇಷ್ಟ ಇಲ್ಲ, ಕ್ಲೆರಿಕ್ ಜೊತೆ ಇನ್ನೊಂದು ಕ್ಲಾಸ್ ಸೇರಿಸ್ಬಹುದಾ?" ಡಿ ಅಂಡ್ ಡಿ, ಅಂದ್ರೆ ಟೇಬಲ್ ಸುತ್ತ ಕೂತು ದಾಳ ಉರುಳಿಸ್ತಾ ಕಥೆ ಕಟ್ಟೋ ಆಟ, ಅದನ್ನ ಆಡೋರಿಂದ ಈ ಪ್ರಶ್ನೆ ನನಗೆ ಬರ್ತಾನೇ ಇರುತ್ತೆ (ಕ್ಲಾಸ್ ಅಂದ್ರೆ ಕ್ಯಾರೆಕ್ಟರ್‌ನ ಕಸುಬು, ಕ್ಲೆರಿಕ್ ದೇವರ ಶಕ್ತಿಯಿಂದ ಮಂತ್ರ ಹಾಕೋರು, ಬಾರ್ಡ್ ಹಾಡಿನಿಂದ ಮಂತ್ರ ಹಾಕೋರು), ಒಬ್ಬೊಬ್ರಿಗೂ ಬೇರೆ ಬೇರೆಯಾಗಿ ಉತ್ತರ ಟೈಪ್ ಮಾಡಿ ಸಾಕಾಗಿ ಈಗ ಒಂದೇ ಕಡೆ ಎಲ್ಲಾ ಬರೆದು ಹಾಕ್ತಿದೀನಿ.

ಚಿಕ್ಕ ಉತ್ತರ: ಸೇರಿಸ್ಬಹುದು, ಆದ್ರೆ ಎರಡನ್ನೂ ಅರ್ಧ ಅರ್ಧ ಮಾಡ್ಬೇಡಿ. ಕ್ಲೆರಿಕ್ ಒಂದೇ ಒಂದು ಲೆವೆಲ್, ಉಳಿದಿದ್ದೆಲ್ಲಾ ಬಾರ್ಡ್. ಯಾಕೆ, ಹೇಗೆ ಅನ್ನೋದೇ ಈ ಲೇಖನ.

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಶನ್‌ನ 2014ರ ರೂಲ್ಸ್‌ಗೆ ಬರೆದಿರೋದು. 2024ರ ಹೊಸ ಪುಸ್ತಕದಲ್ಲಿ ಆಡ್ತಿದ್ರೆ ಕೊನೇಲಿ ಒಂದು ಮಾತಿದೆ, ಅದನ್ನ ಮೊದಲು ಓದಿ, ಇಲ್ಲಾಂದ್ರೆ ಇಡೀ ಪ್ಲಾನ್ ತಲೆಕೆಳಗಾಗುತ್ತೆ.

ಏನೇನು ಬೇಕು

ಒಂದು ಕ್ಯಾರೆಕ್ಟರ್ ಶೀಟ್, ಪೆನ್ಸಿಲ್ (ಪೆನ್ ಬೇಡ, ನಂಬಿ), ಮತ್ತೆ ರೂಲ್ಸ್. ಪುಸ್ತಕ ದುಬಾರಿ ಅಂತ ಹಿಂಜರಿಯೋರಿಗೆ ಒಳ್ಳೆ ಸುದ್ದಿ, ಆಟದ ಮೂಲ ರೂಲ್ಸ್ ಇರೋ ಎಸ್‌ಆರ್‌ಡಿ 5.1 ಅನ್ನೋ ದಾಖಲೆ 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಪ್ರತಿ ಕ್ಲಾಸಿಗೂ ಒಂದೇ ಒಂದು ಸಬ್‌ಕ್ಲಾಸ್ (ಕ್ಲಾಸಿನೊಳಗಿನ ವಿಶೇಷ ಶಾಖೆ) ಕೊಟ್ಟಿದ್ದಾರೆ, ನಮ್ಮ ಅದೃಷ್ಟಕ್ಕೆ ಕ್ಲೆರಿಕ್‌ಗೆ ಲೈಫ್ ಡೊಮೈನ್, ಬಾರ್ಡ್‌ಗೆ ಕಾಲೇಜ್ ಆಫ್ ಲೋರ್. ನಮಗೆ ಬೇಕಾಗಿರೋದು ಇವೆರಡೇ. ಮಲ್ಟಿಕ್ಲಾಸ್ ರೂಲ್ಸೂ ಅದರಲ್ಲೇ ಇದೆ.

ಶುರು ಮಾಡೋಕೆ ಮುಂಚೆ ನಾಲ್ಕು ಪದ ಗೊತ್ತಿರ್ಲಿ. ಡಿಎಂ ಅಂದ್ರೆ ಆಟ ನಡೆಸೋರು. ಮಲ್ಟಿಕ್ಲಾಸ್ ಅಂದ್ರೆ ಲೆವೆಲ್ ಏರಿದಾಗ ಹಳೇ ಕ್ಲಾಸ್‌ನಲ್ಲೇ ಮುಂದುವರಿಯೋ ಬದಲು ಇನ್ನೊಂದು ಕ್ಲಾಸ್‌ನ ಒಂದನೇ ಲೆವೆಲ್ ತಗೊಳೋದು. ಸ್ಪೆಲ್ ಸ್ಲಾಟ್ ಅಂದ್ರೆ ಮಂತ್ರ ಹಾಕೋಕೆ ದಿನಕ್ಕೆ ಇಷ್ಟು ಅಂತ ಸಿಗೋ ಕೋಟಾ, ಕ್ಯಾಂಟ್ರಿಪ್ ಅಂದ್ರೆ ಸ್ಲಾಟ್ ಖರ್ಚಿಲ್ಲದೆ ಎಷ್ಟು ಸಲ ಬೇಕಾದ್ರೂ ಹಾಕ್ಬಹುದಾದ ಚಿಲ್ಲರೆ ಮಂತ್ರ. ಇನ್ನು 1ಡಿ4 ಅಂತ ಬರೆದಿದ್ರೆ ನಾಲ್ಕು ಮುಖದ ದಾಳ ಒಂದ್ಸಲ ಉರುಳಿಸಿ ಅಂತ.

ಹಂತ 1: ಡಿಎಂ ಹತ್ರ ಕೇಳಿ

2014ರ ರೂಲ್ಸ್‌ನಲ್ಲಿ ಮಲ್ಟಿಕ್ಲಾಸ್ ಅನ್ನೋದು ಐಚ್ಛಿಕ, ಡಿಎಂ ಒಪ್ಪಿದ್ರೆ ಮಾತ್ರ. ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಈ ಕ್ಯಾಂಪೇನ್ ಎಷ್ಟನೇ ಲೆವೆಲ್‌ವರೆಗೆ ಹೋಗುತ್ತೆ?" ಇದನ್ನ ಯಾರೂ ಕೇಳಲ್ಲ. 20ನೇ ಲೆವೆಲ್‌ನಲ್ಲಿ ಸಿಗೋ ಶಕ್ತಿ ನೋಡಿ ಪ್ಲಾನ್ ಮಾಡೋರು ಜಾಸ್ತಿ, ಆಟ ಮಾತ್ರ ಎಂಟರ ಹತ್ರ ಎಲ್ಲೋ ನಿಂತ್ಹೋಗುತ್ತೆ, ಯಾರಿಗೋ ಕೆಲಸ ಬದಲಾಗುತ್ತೆ, ಯಾರಿಗೋ ಮದುವೆ ಆಗುತ್ತೆ. ಊಟಕ್ಕಿಲ್ಲದ ಉಪ್ಪಿನಕಾಯಿ ಕಟ್ಕೊಂಡು ಏನ್ಮಾಡ್ತೀರಾ. ನಾನು ಇಲ್ಲಿ ಏಳನೇ ಲೆವೆಲ್‌ವರೆಗಷ್ಟೇ ಬಿಡಿಸಿ ಹೇಳ್ತೀನಿ.

ಹಂತ 2: ಸಪೋರ್ಟ್ ಅಂದ್ರೆ ಏನು ಅಂತ ಮೊದಲು ತಲೇಲಿ ಸರಿ ಮಾಡ್ಕೊಳಿ

ಯಕ್ಷಗಾನದಲ್ಲಿ ಭಾಗವತರನ್ನ ನೋಡಿದೀರಲ್ವಾ, ವೇಷ ಕಟ್ಟಲ್ಲ, ಕುಣಿಯಲ್ಲ, ಆದ್ರೆ ಅವರ ಪದ ಇಲ್ಲದೆ ರಂಗದ ಮೇಲೆ ಒಂದು ಹೆಜ್ಜೆ ಬೀಳಲ್ಲ. ಸಪೋರ್ಟ್ ಕ್ಯಾರೆಕ್ಟರ್ ಹಂಗೇ. ನಿಮ್ಮ ಟರ್ನ್‌ನಲ್ಲಿ ಎಷ್ಟು ಡ್ಯಾಮೇಜ್ ಮಾಡಿದ್ರಿ ಅನ್ನೋದಲ್ಲ ಲೆಕ್ಕ, ಬೇರೆ ಮೂರು ಜನರ ಟರ್ನ್ ಎಷ್ಟು ಚೆನ್ನಾಗಾಯ್ತು ಅನ್ನೋದು ಲೆಕ್ಕ.

ಉದಾಹರಣೆಗೆ ಬ್ಲೆಸ್ ಮಂತ್ರ ತಗೊಳಿ, ಒಂದನೇ ಲೆವೆಲ್‌ದು (ಮಂತ್ರಕ್ಕೂ ಸ್ಲಾಟಿಗೂ ಅದರದ್ದೇ ಲೆವೆಲ್ ಇರುತ್ತೆ, ಕ್ಯಾರೆಕ್ಟರ್ ಲೆವೆಲ್ ಬೇರೆ). ಮೂರು ಜನರಿಗೆ ಒಂದು ನಿಮಿಷ ಪ್ರತಿ ಅಟ್ಯಾಕಿಗೂ ಪ್ರತಿ ಸೇವಿಂಗ್ ಥ್ರೋಗೂ (ಅಪಾಯದಿಂದ ತಪ್ಪಿಸ್ಕೊಳೋಕೆ ಉರುಳಿಸೋ ದಾಳ) 1ಡಿ4 ಕೂಡಿಸ್ಕೊಳೋಕೆ ಬಿಡುತ್ತೆ. ಸರಾಸರಿ ಎರಡೂವರೆ, ಅಂದ್ರೆ 20 ಮುಖದ ದಾಳದಲ್ಲಿ 100ಕ್ಕೆ ಹನ್ನೆರಡೂವರೆಯಷ್ಟು ಜಾಸ್ತಿ ಗುರಿ ತಾಗುತ್ತೆ, ಅದೂ ಮೂರು ಜನರಿಗೆ. ಕೇಳೋಕೆ ಸಪ್ಪೆ, ಟೇಬಲ್‌ನಲ್ಲಿ ಕೂತಾಗ ಗೊತ್ತಾಗುತ್ತೆ.

ಹೀಲಿಂಗ್ ಬಗ್ಗೆ ಇರೋ ದೊಡ್ಡ ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿ. ಸ್ವಲ್ಪ ಏಟು ಬಿದ್ದ ತಕ್ಷಣ ಓಡಿ ಹೋಗಿ ವಾಸಿ ಮಾಡೋದು ಈ ಆಟದಲ್ಲಿ ನಷ್ಟ, ಯಾಕಂದ್ರೆ ರಾಕ್ಷಸರು ಹೊಡೆಯೋ ಸ್ಪೀಡಿಗೆ ನೀವು ವಾಸಿ ಮಾಡೋಕಾಗಲ್ಲ. 1 ಹಿಟ್ ಪಾಯಿಂಟ್ (ಉಳಿದಿರೋ ಜೀವದ ಲೆಕ್ಕ) ಇರೋ ಫೈಟರ್ ಪೂರ್ತಿ ಇರೋ ಫೈಟರ್‌ನಷ್ಟೇ ಜೋರಾಗಿ ಹೊಡೀತಾನೆ. ಸೊನ್ನೆಗೆ ಇಳಿದು ಬಿದ್ದಾಗ ಮಾತ್ರ ಅವನ ಟರ್ನ್ ಹೋಗುತ್ತೆ, ಆವಾಗ ಎಬ್ಬಿಸೋದು ನಿಮ್ಮ ಕೆಲಸ.

ಹಂತ 3: ಅಂಕ ಹಂಚೋದು

ಎಡವೋರೆಲ್ಲಾ ಜಾಸ್ತಿ ಎಡವೋದು ಇಲ್ಲೇ. ರೂಲ್ ಪ್ರಕಾರ ಹೊಸ ಕ್ಲಾಸಿಗೆ ಹೋಗ್ಬೇಕಂದ್ರೆ ಹೊಸದರದ್ದು ಮಾತ್ರ ಅಲ್ಲ, ಈಗಿರೋ ಕ್ಲಾಸಿನ ಮುಖ್ಯ ಅಂಕವೂ (ಕ್ಯಾರೆಕ್ಟರ್‌ನ ಆರು ಸಾಮರ್ಥ್ಯಗಳಿಗೆ ಕೊಡೋ ಅಂಕದಲ್ಲಿ ಒಂದು) 13 ಇರ್ಬೇಕು. ಕ್ಲೆರಿಕ್‌ಗೆ ವಿಸ್ಡಮ್ 13, ಬಾರ್ಡ್‌ಗೆ ಕರಿಸ್ಮಾ 13. ವಿಸ್ಡಮ್ 12 ಇಟ್ಕೊಂಡು ಎರಡನೇ ಲೆವೆಲ್‌ಗೆ ಬಂದು ಬಾಗಿಲಲ್ಲೇ ನಿಂತೋರನ್ನ ನೋಡಿದೀನಿ.

ಸ್ಟ್ಯಾಂಡರ್ಡ್ ಅರೇ ಅಂತ ಕೊಡೋ ಆರು ಅಂಕ 15, 14, 13, 12, 10, 8. ಹಾಫ್-ಎಲ್ಫ್ ಜನಾಂಗ ತಗೊಂಡ್ರೆ ಕರಿಸ್ಮಾಗೆ 2, ನಿಮಗಿಷ್ಟ ಬಂದ ಇನ್ನೆರಡಕ್ಕೆ ಒಂದೊಂದು ಸಿಗುತ್ತೆ. ಹೀಗೆ ಹಾಕಿ:

ಕರಿಸ್ಮಾ 15 + 2 = 17
ಡೆಕ್ಸ್‌ಟೆರಿಟಿ 14
ಕಾನ್‌ಸ್ಟಿಟ್ಯೂಶನ್ 13 + 1 = 14
ವಿಸ್ಡಮ್ 12 + 1 = 13
ಇಂಟೆಲಿಜೆನ್ಸ್ 10
ಸ್ಟ್ರೆಂತ್ 8

ಒಂದು ಅಂಕವೂ ವೇಸ್ಟ್ ಆಗಿಲ್ಲ ನೋಡಿ. ಬೋನಸ್ ಏರೋದು ಸಮ ಸಂಖ್ಯೆಗೆ, ಕರಿಸ್ಮಾ 17 ಬೆಸ ಸಂಖ್ಯೆ ಅಲ್ವಾ ಅಂತ ಕೇಳ್ಬೇಡಿ, ಐದನೇ ಲೆವೆಲ್‌ನಲ್ಲಿ ಅದಕ್ಕೆ ಕೆಲಸ ಇದೆ.

ಹಂತ 4: ಮೊದಲು ಕ್ಲೆರಿಕ್

ಯಾವುದು ಮೊದಲು ಅನ್ನೋದು ಮುಖ್ಯ, ಯಾಕಂದ್ರೆ ಸೇವಿಂಗ್ ಥ್ರೋ ಪ್ರೊಫಿಶಿಯನ್ಸಿ (ಪಳಗಿದ್ದಕ್ಕೆ ಸಿಗೋ ಬೋನಸ್) ಮತ್ತೆ ಆರಂಭದ ಸಾಮಾನು ಮೊದಲನೇ ಕ್ಲಾಸಿಂದ ಮಾತ್ರ ಬರುತ್ತೆ. ಕ್ಲೆರಿಕ್ ಮೊದಲಾದ್ರೆ ವಿಸ್ಡಮ್ ಮತ್ತೆ ಕರಿಸ್ಮಾ ಸೇವ್, ಜೊತೆಗೆ ಸ್ಕೇಲ್ ಮೇಲ್ ಕವಚ ಮತ್ತೆ ಗುರಾಣಿ ಕೈಗೇ ಬರುತ್ತೆ. ಸ್ಕೇಲ್ ಮೇಲ್ 14, ಡೆಕ್ಸ್‌ಟೆರಿಟಿಯಿಂದ 2, ಗುರಾಣಿಯಿಂದ 2, ಒಟ್ಟು 18 ಎಸಿ (ನಿಮ್ಮನ್ನ ಹೊಡೆಯೋಕೆ ಶತ್ರು ದಾಟಬೇಕಾದ ಸಂಖ್ಯೆ). ಬರೀ ಬಾರ್ಡ್ ಆಗಿದ್ರೆ ಲೆದರ್ ಹಾಕ್ಕೊಂಡು 13ರಲ್ಲಿ ಒದ್ದಾಡ್ತಿದ್ರಿ. ಸ್ಕೇಲ್ ಮೇಲ್ ಹಾಕ್ಕೊಂಡ್ರೆ ಕದ್ದು ನಡೆಯೋದು ಕಷ್ಟ, ಅದೊಂದು ಲೆಕ್ಕದಲ್ಲಿರ್ಲಿ.

ಬಾರ್ಡ್ ಮೊದಲು ತಗೊಂಡ್ರೆ ಡೆಕ್ಸ್‌ಟೆರಿಟಿ ಸೇವ್ ಮತ್ತೆ ಮೂರು ಸ್ಕಿಲ್ ಸಿಗುತ್ತೆ, ಅದೂ ಕೆಟ್ಟದ್ದಲ್ಲ. ನನ್ನ ಓಟು ಕ್ಲೆರಿಕ್‌ಗೆ, ಮೊದಲ ಲೆವೆಲ್‌ನಲ್ಲಿ ಸಾಯೋದು ಅಷ್ಟು ಸುಲಭ.

ಎಚ್ಚರಿಕೆ: ಲೈಫ್ ಡೊಮೈನ್ ಹೆವಿ ಆರ್ಮರ್ ಹಾಕೋಕೂ ಬಿಡುತ್ತೆ, ಅದನ್ನ ನೋಡಿ ಚೈನ್ ಮೇಲ್ ತಗೋಬೇಡಿ. ಅದಕ್ಕೆ ಸ್ಟ್ರೆಂತ್ 13 ಬೇಕು, ನಿಮ್ಮದು 8, ನಡಿಗೆ 10 ಅಡಿ ಕಮ್ಮಿ ಆಗುತ್ತೆ.

ಹಂತ 5: ಕ್ಲೆರಿಕ್‌ನಿಂದ ಏನು ತಗೋಬೇಕು, ಏನು ತಗೋಬಾರದು

ಇದೇ ಈ ಬಿಲ್ಡಿನ ಜೀವ, ನಿಧಾನಕ್ಕೆ ಓದಿ. ಕ್ಲೆರಿಕ್ ಮಂತ್ರಗಳೆಲ್ಲಾ ವಿಸ್ಡಮ್ ಮೇಲೆ ನಡೆಯುತ್ತೆ, ಬಾರ್ಡ್ ಮಂತ್ರಗಳೆಲ್ಲಾ ಕರಿಸ್ಮಾ ಮೇಲೆ. ನಿಮ್ಮ ವಿಸ್ಡಮ್ 13, ಅಂದ್ರೆ ಬರೀ +1. ಹಾಗಾಗಿ ಶತ್ರು ಸೇವ್ ಮಾಡ್ಬೇಕಾದ, ಅಥವಾ ನೀವು ಗುರಿಯಿಟ್ಟು ಹೊಡೀಬೇಕಾದ ಯಾವ ಮಂತ್ರವನ್ನೂ ಕ್ಲೆರಿಕ್ ಕಡೆಯಿಂದ ತಗೋಬೇಡಿ. ಸೇಕ್ರೆಡ್ ಫ್ಲೇಮ್ ಬೇಡ, ಗೈಡಿಂಗ್ ಬೋಲ್ಟ್ ಬೇಡ. ಅಂಕವನ್ನೇ ಕೇಳದ ಮಂತ್ರಗಳು ಬೇಕು.

ಬ್ಲೆಸ್ ಮತ್ತೆ ಕ್ಯೂರ್ ವೂಂಡ್ಸ್ ಡೊಮೈನ್ ಕಡೆಯಿಂದ ತಾನಾಗೇ ಸಿಗುತ್ತೆ. ಅದರ ಮೇಲೆ ವಿಸ್ಡಮ್ +1 ಮತ್ತೆ ಕ್ಲೆರಿಕ್ ಲೆವೆಲ್ 1 ಸೇರಿ ದಿನಕ್ಕೆ ಎರಡು ಮಂತ್ರ ಸಿದ್ಧ ಮಾಡ್ಕೋಬಹುದು. ಶೀಲ್ಡ್ ಆಫ್ ಫೇತ್ ಒಂದು (ಗೆಳೆಯನ ಎಸಿ 2 ಏರುತ್ತೆ), ಇನ್ನೊಂದನ್ನ ದಿನ ನೋಡ್ಕೊಂಡು ಬದಲಾಯಿಸಿ, ಪಾಳು ಗುಡಿಗೆ ಹೋಗ್ತಿದ್ರೆ ಪ್ರೊಟೆಕ್ಷನ್ ಫ್ರಮ್ ಈವಿಲ್ ಅಂಡ್ ಗುಡ್, ಹುಡುಕಾಟ ಇದ್ರೆ ಡಿಟೆಕ್ಟ್ ಮ್ಯಾಜಿಕ್. ಮೂರು ಕ್ಯಾಂಟ್ರಿಪ್‌ನಲ್ಲಿ ಗೈಡೆನ್ಸ್ ಕಡ್ಡಾಯ, ಮಿಕ್ಕಿದ್ದು ನಿಮ್ಮಿಷ್ಟ.

ಇನ್ನು ಲೈಫ್ ಡೊಮೈನ್‌ನ ಡಿಸೈಪಲ್ ಆಫ್ ಲೈಫ್. ಒಂದನೇ ಲೆವೆಲ್ ಅಥವಾ ಮೇಲಿನ ಯಾವ ಮಂತ್ರದಿಂದ ವಾಸಿ ಮಾಡಿದ್ರೂ 2 ಕೂಡಿಸಿ ಮಂತ್ರದ ಲೆವೆಲ್‌ನಷ್ಟು ಜಾಸ್ತಿ ವಾಸಿ. "ಯಾವ ಮಂತ್ರದಿಂದ" ಅನ್ನೋದನ್ನ ಗಮನಿಸಿ, ಕ್ಲೆರಿಕ್ ಮಂತ್ರವೇ ಆಗ್ಬೇಕು ಅಂತಿಲ್ಲ. ಆದ್ರಿಂದ ಹೀಲಿಂಗ್ ವರ್ಡ್ ಮಂತ್ರವನ್ನ ಕ್ಲೆರಿಕ್ ಆಗಿ ಅಲ್ಲ, ಬಾರ್ಡ್ ಆಗಿ ಕಲೀರಿ. ಕ್ಲೆರಿಕ್ ಆಗಿ ಹಾಕಿದ್ರೆ 1ಡಿ4 + 1 + 3. ಬಾರ್ಡ್ ಆಗಿ ಹಾಕಿದ್ರೆ 1ಡಿ4 + 3 + 3, ಸರಾಸರಿ ಎಂಟೂವರೆ, 60 ಅಡಿ ದೂರದಿಂದ. ಅದೇ ಸ್ಲಾಟು ಅದೇ ಮಂತ್ರ, ಶೀಟ್‌ನಲ್ಲಿ ಯಾವ ಕಾಲಂನಲ್ಲಿ ಬರೆದ್ರಿ ಅನ್ನೋದಷ್ಟೇ ವ್ಯತ್ಯಾಸ.

ಹಂತ 6: ಎರಡನೇ ಲೆವೆಲ್‌ನಿಂದ ಬಾರ್ಡ್, ಹಿಂದೆ ತಿರುಗಿ ನೋಡ್ಬೇಡಿ

ಸ್ಲಾಟ್ ಲೆಕ್ಕ ಮೊದಲು. ಕ್ಲೆರಿಕ್, ಬಾರ್ಡ್, ಡ್ರೂಯಿಡ್, ಸಾರ್ಸರರ್, ವಿಝರ್ಡ್ ಈ ಐದರ ಲೆವೆಲ್‌ಗಳನ್ನ ಪೂರ್ತಿ ಕೂಡಿಸಿ ಮಲ್ಟಿಕ್ಲಾಸ್ ಪಟ್ಟಿಯಲ್ಲಿ ಸ್ಲಾಟ್ ನೋಡ್ಬೇಕು. ಆದ್ರೆ ಯಾವ ಮಂತ್ರ ಕಲೀಬಹುದು ಅನ್ನೋದನ್ನ ಮಾತ್ರ ಪ್ರತಿ ಕ್ಲಾಸಿಗೂ ಬೇರೆ ಬೇರೆ ನೋಡ್ಬೇಕು, ಅದೊಂದೇ ಕ್ಲಾಸ್ ಇದ್ದಿದ್ರೆ ಹೇಗೋ ಹಾಗೆ. ಈ ಎರಡನೇ ವಾಕ್ಯ ಓದದೆ ಎಷ್ಟು ಜನ ಮೂರನೇ ಲೆವೆಲ್ ಕ್ಲೆರಿಕ್ ಮಂತ್ರ ಬರ್ಕೊಂಡು ಬರ್ತಾರೋ.

ಲೆವೆಲ್ 2 (ಬಾರ್ಡ್ 1): ಬಾರ್ಡಿಕ್ ಇನ್ಸ್ಪಿರೇಶನ್ ಬರುತ್ತೆ. ಗೆಳೆಯನಿಗೆ ಒಂದು ಡಿ6 ಕೊಟ್ಟಿಡ್ತೀರಾ, ಹತ್ತು ನಿಮಿಷದೊಳಗೆ ಬೇಕಾದಾಗ ಬಳಸ್ತಾನೆ. ಕರಿಸ್ಮಾ +3 ಇರೋದ್ರಿಂದ ದಿನಕ್ಕೆ ಮೂರು ಸಲ. ನಾಲ್ಕು ಮಂತ್ರ ಕಲೀಬಹುದು, ಹೀಲಿಂಗ್ ವರ್ಡ್ ಮತ್ತೆ ಫೇರಿ ಫೈರ್ (ಶತ್ರುಗಳು ಹೊಳೆದು ಹೊಡೆಯೋಕೆ ಸುಲಭ ಆಗ್ತಾರೆ) ಬಿಡ್ಬೇಡಿ. ಕ್ಯಾಂಟ್ರಿಪ್‌ನಲ್ಲಿ ವಿಷಸ್ ಮಾಕರಿ, ಅಂದ್ರೆ ಶತ್ರುವನ್ನ ಬಾಯಿಗೆ ಬಂದ ಹಾಗೆ ಬೈಯೋದು, ಸೇವ್ ತಪ್ಪಿದ್ರೆ ಅವನ ಮುಂದಿನ ಏಟು ಸಡಿಲ ಆಗುತ್ತೆ. ಕನ್ನಡದಲ್ಲೇ ಬೈಯಿರಿ, ಟೇಬಲ್ ಪೂರ್ತಿ ನಗುತ್ತೆ.

ಲೆವೆಲ್ 3 (ಬಾರ್ಡ್ 2): ಎರಡನೇ ಲೆವೆಲ್ ಸ್ಲಾಟ್ ಎರಡು ಬರುತ್ತೆ, ಎರಡನೇ ಲೆವೆಲ್ ಮಂತ್ರ ಒಂದೂ ಇರಲ್ಲ. ಗಾಬರಿ ಬೇಡ, ದೊಡ್ಡ ಸ್ಲಾಟ್‌ನಲ್ಲಿ ಚಿಕ್ಕ ಮಂತ್ರ ಹಾಕ್ಬಹುದು. ಬ್ಲೆಸ್ ಆಗ ನಾಲ್ಕು ಜನರಿಗೆ ತಲುಪುತ್ತೆ.

ಲೆವೆಲ್ 4 (ಬಾರ್ಡ್ 3): ಕಾಲೇಜ್ ಆಫ್ ಲೋರ್. ಮೂರು ಸ್ಕಿಲ್ ಜಾಸ್ತಿ, ಎಕ್ಸ್‌ಪರ್ಟೀಸ್ (ಆಯ್ದ ಸ್ಕಿಲ್‌ಗಳಲ್ಲಿ ಇನ್ನೂ ಪಳಗೋದು), ಮತ್ತೆ ಕಟಿಂಗ್ ವರ್ಡ್ಸ್, ಅಂದ್ರೆ ಶತ್ರು ದಾಳ ಉರುಳಿಸಿದಾಗ ನಿಮ್ಮ ರಿಯಾಕ್ಷನ್‌ನಲ್ಲಿ ಇನ್ಸ್ಪಿರೇಶನ್ ದಾಳ ಉರುಳಿಸಿ ಅದರಿಂದ ಕಳೆಯೋದು. ರಿಯಾಕ್ಷನ್ ಅಂದ್ರೆ ಬೇರೆಯವರ ಟರ್ನ್‌ನಲ್ಲಿ ಮಾಡೋ ಒಂದು ಕೆಲಸ. ಎರಡನೇ ಲೆವೆಲ್ ಮಂತ್ರಗಳೂ ಇಲ್ಲಿಂದ ಶುರು.

ಲೆವೆಲ್ 5 (ಬಾರ್ಡ್ 4): ಕಹಿ ಲೆವೆಲ್, ಮುಂಚೆನೇ ಹೇಳಿಬಿಡ್ತೀನಿ. ಪಕ್ಕದ ವಿಝರ್ಡ್ ಫೈರ್‌ಬಾಲ್ ಎಸೀತಿರ್ತಾನೆ, ಫೈಟರ್ ಎರಡೆರಡು ಸಲ ಹೊಡೀತಿರ್ತಾನೆ, ನಿಮ್ಮ ಹತ್ರ ಮೂರನೇ ಲೆವೆಲ್ ಸ್ಲಾಟ್ ಇದೆ ಮಂತ್ರ ಇಲ್ಲ. ಐದು ಜನರಿಗೆ ಬ್ಲೆಸ್ ಹಾಕಿ ಸುಮ್ಮನಿರಿ. ಸಮಾಧಾನ ಅಂದ್ರೆ ಅಂಕ ಏರಿಸೋ ಅವಕಾಶ ಇಲ್ಲಿ ಬರುತ್ತೆ: ಕರಿಸ್ಮಾಗೆ 1, ವಿಸ್ಡಮ್‌ಗೆ 1. 17 ಹೋಗಿ 18, 13 ಹೋಗಿ 14, ಎರಡೂ ಕಡೆ ಬೋನಸ್ ಒಂದೊಂದು ಏರ್ತು, ಕ್ಲೆರಿಕ್ ಮಂತ್ರ ಇನ್ನೊಂದು ಸಿದ್ಧ ಮಾಡ್ಕೋಬಹುದು. ಆ ಬೆಸ ಸಂಖ್ಯೆ ಇಟ್ಟಿದ್ದು ಇದಕ್ಕೇ.

ಲೆವೆಲ್ 6 (ಬಾರ್ಡ್ 5): ಇನ್ಸ್ಪಿರೇಶನ್ ಡಿ8 ಆಗುತ್ತೆ, ಅದಕ್ಕಿಂತ ಮುಖ್ಯ ಶಾರ್ಟ್ ರೆಸ್ಟ್ (ಆಟದೊಳಗಿನ ಚಿಕ್ಕ ವಿಶ್ರಾಂತಿ) ತಗೊಂಡ್ರೂ ವಾಪಸ್ ಬರುತ್ತೆ. ಶತ್ರುಗಳಿಗೆ ಮಂಕು ಹಿಡಿಸೋ ಹಿಪ್ನಾಟಿಕ್ ಪ್ಯಾಟರ್ನ್ ಕಲೀರಿ.

ಲೆವೆಲ್ 7 (ಬಾರ್ಡ್ 6): ಲೋರ್‌ನ ಮ್ಯಾಜಿಕಲ್ ಸೀಕ್ರೆಟ್ಸ್, ಯಾವ ಕ್ಲಾಸ್‌ನಿಂದಾದ್ರೂ ಎರಡು ಮಂತ್ರ ಎತ್ಕೋಬಹುದು, ನೀವು ಹಾಕ್ಬಹುದಾದ ಲೆವೆಲ್‌ದು ಆಗಿದ್ರೆ ಸಾಕು. ನಾನಾದ್ರೆ ರಿವಿವಿಫೈ ಮತ್ತೆ ಕೌಂಟರ್‌ಸ್ಪೆಲ್ (ಬೇರೆಯವರ ಮಂತ್ರ ತಡೆಯೋದು). ರಿವಿವಿಫೈ ಸತ್ತು ಒಂದು ನಿಮಿಷದೊಳಗಿದ್ದವರನ್ನ ವಾಪಸ್ ತರುತ್ತೆ, ಪ್ರತಿ ಸಲ 300 ಗೋಲ್ಡ್ ಬೆಲೆಯ ವಜ್ರ ಖರ್ಚಾಗುತ್ತೆ, ವಜ್ರ ಮೊದಲೇ ಕೊಂಡಿಟ್ಕೊಳಿ, ಹೆಣ ಇಟ್ಕೊಂಡು ಅಂಗಡಿ ಹುಡುಕೋಕಾಗಲ್ಲ. ಗುಂಪಲ್ಲಿ ಇನ್ನೊಬ್ಬ ಕ್ಲೆರಿಕ್ ಇದ್ರೆ ಅದರ ಬದಲು ಸ್ಪಿರಿಟ್ ಗಾರ್ಡಿಯನ್ಸ್ ತಗೊಳಿ.

"ಕ್ಲೆರಿಕ್ ಎರಡನೇ ಲೆವೆಲ್ ತಗೊಂಡ್ರೆ ಚಾನೆಲ್ ಡಿವಿನಿಟಿ ಸಿಗುತ್ತಲ್ಲಾ?" ಸಿಗುತ್ತೆ. ಅದರಲ್ಲಿ ಬರೋ ಪ್ರಿಸರ್ವ್ ಲೈಫ್ ಅನ್ನೋ ಶಕ್ತಿಯಿಂದ ಒಟ್ಟು 10 ಹಿಟ್ ಪಾಯಿಂಟ್ ಹಂಚ್ಬಹುದು, ಅದೂ ಅರ್ಧಕ್ಕಿಂತ ಮೇಲೆ ಏರಲ್ಲ. ಅದಕ್ಕೋಸ್ಕರ ಮೇಲೆ ಹೇಳಿದ್ದೆಲ್ಲಾ ಇನ್ನೊಂದು ಲೆವೆಲ್ ಮುಂದಕ್ಕೆ ಹೋಗುತ್ತೆ. ನನ್ನ ಮೊದಲ ಕ್ಯಾರೆಕ್ಟರ್ ಕ್ಲೆರಿಕ್ 3 ಬಾರ್ಡ್ 3 ಆಗಿತ್ತು, ಎರಡು ದೋಣಿ ಮೇಲೆ ಕಾಲಿಟ್ಟು ಆರನೇ ಲೆವೆಲ್‌ನಲ್ಲಿ ಮೂರನೇ ಲೆವೆಲ್‌ನೋರ ಮಂತ್ರ ಹಾಕ್ಕೊಂಡಿದ್ದೆ. ಅಷ್ಟು ಸಾಕು.

ಹಂತ 7: ಮೂರು ರೌಂಡ್ ಮನೇಲೇ ಆಡಿ ನೋಡಿ

ಶೀಟ್ ಚೆನ್ನಾಗಿದ್ರೂ ಟರ್ನ್ ಬಂದಾಗ ಕೈಕಾಲು ಆಡಲ್ಲ, ಯಾಕಂದ್ರೆ ಈ ಕ್ಯಾರೆಕ್ಟರ್‌ಗೆ ಬೋನಸ್ ಆಕ್ಷನ್ (ಟರ್ನ್‌ನ ಮುಖ್ಯ ಆಕ್ಷನ್ ಜೊತೆ ಮಾಡೋ ಚಿಕ್ಕ ಕೆಲಸ) ಟ್ರಾಫಿಕ್ ಜಾಮ್ ಇದೆ. ಇನ್ಸ್ಪಿರೇಶನ್, ಹೀಲಿಂಗ್ ವರ್ಡ್, ಶೀಲ್ಡ್ ಆಫ್ ಫೇತ್ ಮೂರೂ ಬೋನಸ್ ಆಕ್ಷನ್ನೇ, ಟರ್ನಿಗೆ ಸಿಗೋದು ಒಂದು. ಅದರ ಮೇಲೆ ಇನ್ನೊಂದು ರೂಲ್: ಬೋನಸ್ ಆಕ್ಷನ್‌ನಲ್ಲಿ ಮಂತ್ರ ಹಾಕಿದ ಟರ್ನ್‌ನಲ್ಲಿ ಆಕ್ಷನ್‌ಗೆ ಕ್ಯಾಂಟ್ರಿಪ್ ಮಾತ್ರ ಹಾಕ್ಬಹುದು. ಇನ್ಸ್ಪಿರೇಶನ್ ಮಂತ್ರ ಅಲ್ಲ, ಅದಕ್ಕೆ ಈ ಕಟ್ಟುಪಾಡಿಲ್ಲ.

ಎರಡನೇದು ಕಾನ್ಸಂಟ್ರೇಶನ್, ಅಂದ್ರೆ ಮನಸ್ಸಿಟ್ಟು ಹಿಡ್ಕೊಂಡಿರ್ಬೇಕಾದ ಮಂತ್ರ. ಒಂದು ಸಲಕ್ಕೆ ಒಂದೇ. ಬ್ಲೆಸ್, ಫೇರಿ ಫೈರ್, ಶೀಲ್ಡ್ ಆಫ್ ಫೇತ್, ಹಿಪ್ನಾಟಿಕ್ ಪ್ಯಾಟರ್ನ್ ಎಲ್ಲಾ ಇದೇ ಜಾತಿ, ಕೊನೆಗೆ ಆ ಪಾಪದ ಗೈಡೆನ್ಸ್ ಕೂಡ. ಬ್ಲೆಸ್ ನಡೀತಿರುವಾಗ ಮರೆತು ಗೈಡೆನ್ಸ್ ಹಾಕಿದ್ರೆ ಬ್ಲೆಸ್ ಹೋಯ್ತು.

ಒಂದು ಓಗರ್ ಎದುರು ಅಂದ್ಕೊಳಿ, ನೀವು ನಾಲ್ಕನೇ ಲೆವೆಲ್. ಮೊದಲ ರೌಂಡ್: ಆಕ್ಷನ್‌ನಲ್ಲಿ ಬ್ಲೆಸ್, ಫೈಟರ್‌ಗೆ, ರೋಗ್‌ಗೆ, ನಿಮಗೆ. ಬೋನಸ್ ಆಕ್ಷನ್‌ನಲ್ಲಿ ಫೈಟರ್‌ಗೆ ಇನ್ಸ್ಪಿರೇಶನ್. ಎರಡನೇ ರೌಂಡ್: ರೋಗ್ ಬಿದ್ದ. ಹೀಲಿಂಗ್ ವರ್ಡ್‌ನಿಂದ ಎಬ್ಬಿಸಿ, ಆಕ್ಷನ್‌ನಲ್ಲಿ ಓಗರ್‌ಗೆ ಒಂದು ಬೈಗುಳ. ಮೂರನೇ ರೌಂಡ್: ಓಗರ್ ನಿಮಗೇ ಬಡಿದ, 13 ಡ್ಯಾಮೇಜ್. ಬ್ಲೆಸ್ ಉಳೀಬೇಕಂದ್ರೆ ಕಾನ್‌ಸ್ಟಿಟ್ಯೂಶನ್ ಸೇವ್, ಗುರಿ 10 ಅಥವಾ ಡ್ಯಾಮೇಜಿನ ಅರ್ಧ, ಯಾವುದು ಜಾಸ್ತಿಯೋ ಅದು, ಇಲ್ಲಿ 10. ನಿಮ್ಮ +2ಗೆ 100ಕ್ಕೆ 65 ಸಲ ಉಳಿಯುತ್ತೆ. ಬ್ಲೆಸ್‌ನಲ್ಲಿ ನಿಮ್ಮನ್ನೂ ಸೇರಿಸ್ಕೊಂಡಿರೋದ್ರಿಂದ 77 ದಾಟುತ್ತೆ. ಅದಕ್ಕೇ ಸಂಕೋಚ ಪಡದೆ ನಿಮ್ಮ ಹೆಸರನ್ನೂ ಬರ್ಕೊಳಿ.

ಕೈಗಳ ಲೆಕ್ಕವೂ ಇಲ್ಲೇ ಮುಗಿಸಿ. ಒಂದು ಕೈಲಿ ಗುರಾಣಿ, ಇನ್ನೊಂದು ಕೈ ಖಾಲಿ ಇರ್ಲಿ, ಆಯುಧ ಹಿಡೀಬೇಡಿ. ಗುರಾಣಿ ಮೇಲಿನ ದೇವರ ಚಿಹ್ನೆ ಕ್ಲೆರಿಕ್ ಮಂತ್ರಕ್ಕೆ ಮಾತ್ರ ನಡೆಯುತ್ತೆ, ಬಾರ್ಡ್ ಮಂತ್ರಕ್ಕೆ ವಾದ್ಯ ಬೇಕು ಅಥವಾ ಕಾಂಪೊನೆಂಟ್ ಪೌಚ್ (ಮಂತ್ರದ ಸಾಮಾನಿನ ಚೀಲ). ಪೌಚ್ ತಗೊಂಡ್ರೆ ತಲೆನೋವಿಲ್ಲ.

ಬೇರೆ ಜೋಡಿಗಳ ಬಗ್ಗೆ ಕೇಳೋರಿಗೆ

ಎರಡು ಅಂಕ ಸಂಭಾಳಿಸೋದು ಬೇಡ ಅನ್ನೋರು ಡ್ರೂಯಿಡ್ ಜೊತೆ ಕ್ಲೆರಿಕ್ 1 ಮಾಡಿ, ಎರಡೂ ವಿಸ್ಡಮ್. ಗುಡ್‌ಬೆರಿ ಮಂತ್ರದ ಹತ್ತು ಹಣ್ಣು ಒಂದೊಂದೂ 1ರ ಬದಲು 4 ವಾಸಿ ಮಾಡುತ್ತೆ, ಒಂದು ಸ್ಲಾಟಿಗೆ 40. ಎಷ್ಟೋ ಡಿಎಂಗಳಿಗೆ ಇದು ಕಣ್ಣಿಗೆ ಬಿದ್ದ ತಕ್ಷಣ ಸಿಟ್ಟು ಬರುತ್ತೆ, ಮೊದಲೇ ಕೇಳಿ. ವಾರ್ಲಾಕ್ ಸೇರಿಸೋರು ಒಂದು ನೆನಪಿಡಿ, ಅದರ ಸ್ಲಾಟ್‌ಗಳು ಈ ಕೂಡಿಸೋ ಲೆಕ್ಕಕ್ಕೆ ಬರಲ್ಲ, ಬೇರೆಯಾಗೇ ಇರುತ್ತೆ. ಪಲಾಡಿನ್‌ಗೆ ಸ್ಟ್ರೆಂತ್ 13 ಕೂಡ ಬೇಕು, ಮೇಲಿನ ಅಂಕಗಳಲ್ಲಿ ಆಗಲ್ಲ. 2020ರ ತಾಶಾ ಪುಸ್ತಕ (ಇದೇ ಆಟದ ಹೆಚ್ಚುವರಿ ರೂಲ್ಸ್) ಇದ್ದು ಡಿಎಂ ಒಪ್ಪಿದ್ರೆ ಲೈಫ್ ಬದಲು ಪೀಸ್ ಡೊಮೈನ್ ಇದಕ್ಕಿಂತ ಬಲವಾಗಿದೆ, ಒಂದೇ ಲೆವೆಲ್ ತಗೊಂಡ್ರೂ ನಿಮ್ಮ ಒಟ್ಟು ಲೆವೆಲ್ ಜೊತೆ ಬೆಳೆಯುತ್ತೆ. ಅಷ್ಟು ಬಲ ಇರೋದಕ್ಕೇ ಎಷ್ಟೋ ಟೇಬಲ್‌ನಲ್ಲಿ ಬೇಡ ಅಂತಾರೆ.

2024ರ ಪುಸ್ತಕದಲ್ಲಿ ಆಡೋರಿಗೆ

ಹೊಸ ರೂಲ್ಸ್‌ನಲ್ಲಿ ಎಲ್ಲಾ ಕ್ಲಾಸಿಗೂ ಸಬ್‌ಕ್ಲಾಸ್ ಮೂರನೇ ಲೆವೆಲ್‌ನಲ್ಲಿ ಬರುತ್ತೆ. ಅಂದ್ರೆ ಕ್ಲೆರಿಕ್ 1 ತಗೊಂಡ್ರೆ ಲೈಫ್ ಡೊಮೈನ್ ಸಿಗಲ್ಲ, ಡಿಸೈಪಲ್ ಆಫ್ ಲೈಫ್ ಲೆಕ್ಕ ಎಲ್ಲಾ ಹೊಡ್ಕೊಂಡು ಹೋಯ್ತು. ಅದಕ್ಕಾಗಿ ಮೂರು ಲೆವೆಲ್ ಕೊಡೋಕೆ ಹೋಗ್ಬೇಡಿ. ಹಾಫ್-ಎಲ್ಫ್ ಕೂಡ ಆ ಪುಸ್ತಕದಲ್ಲಿ ಬೇರೆ ಜನಾಂಗವಾಗಿ ಇಲ್ಲ, ಅಂಕ ಏರಿಕೆ ಬ್ಯಾಕ್‌ಗ್ರೌಂಡ್‌ನಿಂದ ಬರುತ್ತೆ, ಕರಿಸ್ಮಾ ಮತ್ತೆ ವಿಸ್ಡಮ್ ಎರಡೂ ಇರೋ ಬ್ಯಾಕ್‌ಗ್ರೌಂಡ್ ಹುಡುಕಿ. ಮಿಕ್ಕಿದ್ದು ನಿಲ್ಲುತ್ತೆ: ಗುರಾಣಿ, ಮೀಡಿಯಂ ಆರ್ಮರ್, ಬ್ಲೆಸ್, ಗೈಡೆನ್ಸ್. ಹೀಲಿಂಗ್ ವರ್ಡ್ ಈಗ 2ಡಿ4 ಆಗಿರೋದ್ರಿಂದ ಡೊಮೈನ್ ಇಲ್ಲದಿದ್ರೂ ಬಿದ್ದೋರನ್ನ ಎಬ್ಬಿಸೋಕೆ ಸಾಕಾಗುತ್ತೆ.